ತುಪ್ಪ, ತೆಂಗು ಬಿಟ್ಟರೂ ಟ್ರೈಗ್ಲಿಸರೈಡ್ ಏರಿದೆ: ರಕ್ತನಾಳಕ್ಕೆ ಕೆಡುಕು ಜಿಡ್ಡಿನಿಂದಲೋ, ಅನ್ನದಿಂದಲೋ?

ಕುಶಾವತಿ (ತೀರ್ಥಹಳ್ಳಿ ತಾಲ್ಲೂಕು) ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ ಈಗ 53 ವರ್ಷ. ಅಡಿಕೆ ತೋಟವಿದೆ, ಬೀಡಿ ಸಿಗರೇಟಿನ ಅಭ್ಯಾಸವಿಲ್ಲ, ಎಲೆ ಅಡಿಕೆ ಮಾತ್ರ ಊಟದ ನಂತರ ಇದ್ದದ್ದೇ. ಕಳೆದ ವರ್ಷ ರಕ್ತ ಪರೀಕ್ಷೆ ಮಾಡಿಸಿದಾಗ ಒಟ್ಟು ಕೊಲೆಸ್ಟ್ರಾಲ್ 226, ಎಲ್‌ಡಿಎಲ್ (ಕೆಟ್ಟದ್ದೆನ್ನುವ ಕೊಲೆಸ್ಟ್ರಾಲ್) 152, ಎಚ್‌ಡಿಎಲ್ (ಒಳ್ಳೆಯದೆನ್ನುವುದು) 40, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಕೊಬ್ಬು) 170 ಬಂದಿತ್ತು. ಜಿಡ್ಡು ಕಡಿಮೆ ಮಾಡಬೇಕೆಂದು ವೈದ್ಯರು ಹೇಳಿದ ಮೇಲೆ ನಾನು ಮನೆಯಲ್ಲಿ ತುಪ್ಪವನ್ನು ಸಂಪೂರ್ಣವಾಗಿ ನಿಲ್ಲಿಸಿದೆ, ಒಗ್ಗರಣೆಗೆ ಕೊಬ್ಬರಿ ಎಣ್ಣೆ ಬಿಟ್ಟೆ, ಹುಳಿಗೆ ಕಾಯಿ ಅರೆಯುವುದನ್ನೂ ಕೈಬಿಟ್ಟೆ. ಜಿಡ್ಡಿಲ್ಲದ ಊಟ ಹೊಟ್ಟೆಯಲ್ಲಿ ನಿಲ್ಲುವುದಿಲ್ಲವೆಂಬ ಕಾರಣಕ್ಕೆ ಬೆಳಗ್ಗೆ ಎರಡಿದ್ದ ಅಕ್ಕಿ ರೊಟ್ಟಿ ನಾಲ್ಕಾಯಿತು. ದೋಸೆಗೆ ತುಪ್ಪದ ಬದಲು ಜೋನಿ ಬೆಲ್ಲ ಬಂತು. ಸಂಜೆ ಚಹಾಕ್ಕೆ ಎಣ್ಣೆ ತಿಂಡಿ ಬೇಡವೆಂದು ರಸ್ಕು, ಮಂಡಕ್ಕಿ ಶುರುವಾಯಿತು.

ಈ ವರ್ಷದ ವರದಿ ನೋಡಿ ನನಗೆ ತಲೆಬುಡ ತಿಳಿಯುತ್ತಿಲ್ಲ. ಒಟ್ಟು ಕೊಲೆಸ್ಟ್ರಾಲ್ 210, ಎಲ್‌ಡಿಎಲ್ 122, ಎಚ್‌ಡಿಎಲ್ 35, ಟ್ರೈಗ್ಲಿಸರೈಡ್ 265. ಜೊತೆಗೆ ಎಚ್‌ಬಿಎ1ಸಿ ಎಂಬ ಸಕ್ಕರೆಯ ಪರೀಕ್ಷೆ 6.1 ಎಂದು ಬಂದಿದೆ, ಅದು ಸಕ್ಕರೆ ಕಾಯಿಲೆಯ ಹಿಂದಿನ ಹಂತವಂತೆ. ಬೆಂಗಳೂರಿನಲ್ಲಿರುವ ಮೈದುನ ಫೋನ್ ಮಾಡಿ, ತುಪ್ಪ, ತೆಂಗು ಎಷ್ಟು ಬೇಕಾದರೂ ತಿನ್ನಬಹುದು, ಅಕ್ಕಿಯೊಂದನ್ನು ಮನೆಯಿಂದ ಹೊರಗೆ ಹಾಕಿ ಎನ್ನುತ್ತಿದ್ದಾನೆ. ಒಬ್ಬರು ಜಿಡ್ಡೆನ್ನುತ್ತಾರೆ, ಇನ್ನೊಬ್ಬರು ಅನ್ನವೆನ್ನುತ್ತಾರೆ. ಇವೆರಡೂ ರಕ್ತನಾಳದ ಒಳಗೆ ಹೋಗಿ ಮಾಡುವುದೇನು ಎಂಬುದನ್ನು ತಿಳಿದವರು ಬಿಡಿಸಿ ಹೇಳಿದರೆ, ಒಲೆಯ ಮುಂದೆ ನಿಲ್ಲುವ ನನಗೆ ಒಂದು ದಾರಿ ಸಿಗುತ್ತದೆ.

ಹಳೆಯ ಮೇಷ್ಟ್ರು (ಶಿವಮೊಗ್ಗ) ಅವರ ಉತ್ತರ

ಕುಶಾವತಿಯವರೇ, ವೈದ್ಯಕೀಯ ವಿದ್ಯಾರ್ಥಿಗಳಿಗೆ ಶರೀರಕ್ರಿಯಾಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ಚಿಕಿತ್ಸೆ ನೀಡುವ ವೈದ್ಯನಲ್ಲ. ಹಾಗಾಗಿ ಔಷಧದ ಮಾತು ನಿಮ್ಮ ವೈದ್ಯರಿಗೇ ಬಿಟ್ಟದ್ದು. ಆದರೆ ನೀವು ಕೊಟ್ಟಿರುವ ಎರಡು ವರದಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿಯೇ ಇದೆ.

ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಕಳೆಯಿರಿ. ಕಳೆದ ವರ್ಷ 186, ಈ ವರ್ಷ 175. ರಕ್ತನಾಳದ ಗೋಡೆಯೊಳಗೆ ನುಗ್ಗಿ ಕೂರಬಲ್ಲ ಎಲ್ಲ ಕಣಗಳ ಕೊಲೆಸ್ಟ್ರಾಲ್ ಈ ಸಂಖ್ಯೆಯಲ್ಲಿ ಸೇರಿರುತ್ತದೆ, ಸಾಮಾನ್ಯವಾಗಿ ಇದು 130ರ ಒಳಗಿರಬೇಕೆಂದು ಹೇಳುತ್ತಾರೆ. ಎಲ್‌ಡಿಎಲ್ 30 ಇಳಿಯಿತೆಂದು ಸಂತೋಷಪಡುವಷ್ಟರಲ್ಲಿ ಈ ಲೆಕ್ಕ ಇಳಿದದ್ದು 11 ಮಾತ್ರ. ಅಂದರೆ ಜಿಡ್ಡು ಬಿಟ್ಟದ್ದರಿಂದ ಬಂದ ಲಾಭದ ಬಹುಪಾಲನ್ನು ರೊಟ್ಟಿ, ಬೆಲ್ಲ, ರಸ್ಕುಗಳು ಬೇರೆ ಬಾಗಿಲಿನಿಂದ ವಾಪಸು ತೆಗೆದುಕೊಂಡಿವೆ.

ಇದು ಹೇಗಾಗುತ್ತದೆಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮ ಪ್ರತಿಯೊಂದು ರಕ್ತನಾಳದ ಒಳಮೈಯನ್ನು ಒಂದೇ ಒಂದು ಪದರ ಜೀವಕೋಶಗಳು ಹಾಸಿಕೊಂಡಿವೆ; ಅದನ್ನು ಎಂಡೋಥೀಲಿಯಂ ಎನ್ನುತ್ತಾರೆ. ಇದು ಬರೀ ಅಸ್ತರು ಎಂದು ಬಹುಕಾಲ ತಿಳಿಯಲಾಗಿತ್ತು. 1980ರಲ್ಲಿ ರಾಬರ್ಟ್ ಫರ್ಚ್‌ಗಾಟ್ ಅವರು ಈ ಪದರವನ್ನು ಉಜ್ಜಿ ತೆಗೆದರೆ ರಕ್ತನಾಳಕ್ಕೆ ಸಡಿಲಗೊಳ್ಳುವ ಶಕ್ತಿಯೇ ಹೋಗುತ್ತದೆಂದು ತೋರಿಸಿದರು. ಈ ಕೋಶಗಳು ಬಿಡುಗಡೆ ಮಾಡುವ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವೇ ನಾಳವನ್ನು ಹಿಗ್ಗಿಸುತ್ತದೆ, ರಕ್ತದ ಕಿರುಬಿಲ್ಲೆಗಳು (ಪ್ಲೇಟ್‌ಲೆಟ್) ಗೋಡೆಗೆ ಅಂಟದಂತೆ ತಡೆಯುತ್ತದೆ ಎಂಬುದು ಆಮೇಲೆ ಖಚಿತವಾಗಿ, 1998ರ ನೊಬೆಲ್ ಪ್ರಶಸ್ತಿ ಅವರಿಗೂ ಲೂಯಿ ಇಗ್ನಾರೊ, ಫೆರಿಡ್ ಮುರಾದ್ ಅವರಿಗೂ ಬಂತು. ಈ ಪದರದ ಆರೋಗ್ಯವನ್ನು ಅಳೆಯುವ ವಿಧಾನ ಸರಳವಾದದ್ದು. ಮುಂಗೈಗೆ ಬಿಪಿ ನೋಡುವ ಪಟ್ಟಿ ಕಟ್ಟಿ ಐದು ನಿಮಿಷ ರಕ್ತ ಹರಿಯದಂತೆ ಬಿಗಿದು, ಬಿಟ್ಟ ಕೂಡಲೇ ರಭಸದಿಂದ ರಕ್ತ ನುಗ್ಗುವಾಗ ತೋಳಿನ ಅಪಧಮನಿ ಎಷ್ಟು ಹಿಗ್ಗಿತೆಂದು ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾರೆ. ಪದರ ಬಳಲಿದ್ದರೆ ನಾಳ ಹಿಗ್ಗುವುದಿಲ್ಲ.

ಈ ಪರೀಕ್ಷೆಯಲ್ಲಿ ಕೊಬ್ಬೂ ಸಿಕ್ಕಿಬಿದ್ದಿದೆ, ಸಕ್ಕರೆಯೂ ಸಿಕ್ಕಿಬಿದ್ದಿದೆ. 1997ರಲ್ಲಿ ಅಮೆರಿಕದ ಮೇರಿಲ್ಯಾಂಡ್‌ನ ಸಂಶೋಧಕರು 10 ಮಂದಿ ಆರೋಗ್ಯವಂತರಿಗೆ 50 ಗ್ರಾಂ ಕೊಬ್ಬಿರುವ ಒಂದು ಹೊತ್ತಿನ ಊಟ ಕೊಟ್ಟಾಗ ಮುಂದಿನ ಕೆಲವು ಗಂಟೆ ಅವರ ನಾಳ ಹಿಗ್ಗುವ ಶಕ್ತಿ ಕುಂದಿತು. ಅಷ್ಟೇ ಕ್ಯಾಲೊರಿಯ, ಕೊಬ್ಬಿಲ್ಲದ ಊಟದ ನಂತರ ಹಾಗಾಗಲಿಲ್ಲ. ಇನ್ನೊಂದು ಬಗೆಯ ಪ್ರಯೋಗಗಳಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿದಾಗಲೂ ಇದೇ ಶಕ್ತಿ ಕುಂದಿದ್ದು ಕಂಡಿದೆ, ಅದರಲ್ಲೂ ಸಕ್ಕರೆ ಕಾಯಿಲೆಯ ಕಡೆಗೆ ವಾಲಿದವರಲ್ಲಿ ಹೆಚ್ಚಾಗಿ. ಒಂದು ಅಕ್ಕಿ ರೊಟ್ಟಿಗೆ 40 ಗ್ರಾಂ ಹಿಟ್ಟು ಎಂದು ಹಿಡಿದರೂ ಅದರಲ್ಲಿ 30 ಗ್ರಾಂ ದಾಟಿದ ಪಿಷ್ಟವಿರುತ್ತದೆ. ನಾಲ್ಕು ರೊಟ್ಟಿಗೆ ಲೆಕ್ಕ ನೀವೇ ಹಾಕಿ. ಪ್ರಯೋಗಾಲಯದಲ್ಲಿ ಕುಡಿಸಿದ್ದಕ್ಕಿಂತ ಹೆಚ್ಚು ಸಕ್ಕರೆ ಬೆಳಗಿನ ತಿಂಡಿಯಲ್ಲಿಯೇ ರಕ್ತಕ್ಕೆ ಇಳಿಯುತ್ತದೆ. ನಿಧಾನವಾಗಿ ಇಳಿಯುತ್ತದೆ ಎಂಬುದಷ್ಟೇ ವ್ಯತ್ಯಾಸ.

ಇನ್ನು ದೀರ್ಘಕಾಲದ ಕೆಡುಕು. ನಾವು ತಿನ್ನುವ ಪರ್ಯಾಪ್ತ ಕೊಬ್ಬು, ಅಂದರೆ ತುಪ್ಪ, ಬೆಣ್ಣೆ, ಕೊಬ್ಬರಿ ಎಣ್ಣೆ, ತಾಳೆ ಎಣ್ಣೆಗಳಲ್ಲಿ ಹೇರಳವಾಗಿರುವಂಥದ್ದು, ಯಕೃತ್ತಿನ ಮೇಲಿನ ಎಲ್‌ಡಿಎಲ್ ಗ್ರಾಹಕಗಳನ್ನು, ಅಂದರೆ ರಕ್ತದಿಂದ ಎಲ್‌ಡಿಎಲ್ ಹಿಡಿದು ಒಳಗೆಳೆದುಕೊಳ್ಳುವ ಕೊಂಡಿಗಳನ್ನು, ಕಡಿಮೆ ಮಾಡುತ್ತದೆ. ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರ ನೊಬೆಲ್ ತಂದುಕೊಟ್ಟದ್ದು ಇದೇ ಗ್ರಾಹಕಗಳ ಅಧ್ಯಯನ. ಗ್ರಾಹಕ ಕಡಿಮೆಯಾದರೆ ಎಲ್‌ಡಿಎಲ್ ಕಣಗಳು ರಕ್ತದಲ್ಲಿ ಹೆಚ್ಚು ಹೊತ್ತು ಸುತ್ತುತ್ತವೆ, ಸುತ್ತುವ ಕಣಗಳು ಹೆಚ್ಚಾದಷ್ಟೂ ನಾಳದ ಗೋಡೆಯಲ್ಲಿ ಸಿಕ್ಕಿಕೊಳ್ಳುವವೂ ಹೆಚ್ಚುತ್ತವೆ. ಅಲ್ಲಿ ಅವು ಕೆಟ್ಟು, ಅವನ್ನು ನುಂಗಲು ಬಂದ ಬಿಳಿ ರಕ್ತಕಣಗಳು ಕೊಬ್ಬು ತುಂಬಿಕೊಂಡು ಅಲ್ಲಿಯೇ ಸಾಯುತ್ತವೆ. ವರ್ಷಗಟ್ಟಲೆ ನಡೆದ ಈ ವ್ಯವಹಾರದ ಫಲವೇ ನಾವು ಬ್ಲಾಕ್ ಎಂದು ಕರೆಯುವ ಗಡ್ಡೆ.

ಪಿಷ್ಟ ಮತ್ತು ಸಕ್ಕರೆಯ ದಾರಿ ಬೇರೆ. ದೇಹಕ್ಕೆ ಬೇಕಾದದ್ದಕ್ಕಿಂತ ಹೆಚ್ಚಿಗೆ ಬಂದ ಸಕ್ಕರೆಯನ್ನು ಯಕೃತ್ತು ಕೊಬ್ಬಾಗಿ ಪರಿವರ್ತಿಸಿ, ವಿಎಲ್‌ಡಿಎಲ್ ಎಂಬ ಕಣಗಳಲ್ಲಿ ತುಂಬಿ ರಕ್ತಕ್ಕೆ ಬಿಡುತ್ತದೆ. ವರದಿಯಲ್ಲಿ ಟ್ರೈಗ್ಲಿಸರೈಡ್ ಎಂದು ಕಾಣುವುದು ಬಹುಮಟ್ಟಿಗೆ ಇದೇ. ಅಂದರೆ ನಿಮ್ಮ ಯಜಮಾನರ ರಕ್ತದಲ್ಲಿ ಏರಿರುವ ಕೊಬ್ಬು ಒಗ್ಗರಣೆ ಸೌಟಿನಿಂದ ಬಂದದ್ದಲ್ಲ, ಅವರ ಯಕೃತ್ತಿನಲ್ಲೇ ತಯಾರಾದದ್ದು. ಈ ಕಣಗಳು ಎಚ್‌ಡಿಎಲ್ ಮತ್ತು ಎಲ್‌ಡಿಎಲ್‌ಗಳೊಂದಿಗೆ ಕೊಬ್ಬಿನ ವಿನಿಮಯ ಮಾಡಿಕೊಳ್ಳುವುದರಿಂದ ಎಚ್‌ಡಿಎಲ್ ಕುಸಿಯುತ್ತದೆ, ಎಲ್‌ಡಿಎಲ್ ಕಣಗಳು ಚಿಕ್ಕವಾಗುತ್ತವೆ. ಚಿಕ್ಕ ಕಣದಲ್ಲಿ ಕೊಲೆಸ್ಟ್ರಾಲ್ ಕಡಿಮೆ ಹಿಡಿಯುವುದರಿಂದ ಎಲ್‌ಡಿಎಲ್ ಅಂಕಿ ಇಳಿದಂತೆ ಕಂಡರೂ ಕಣಗಳ ಸಂಖ್ಯೆ ಅಷ್ಟಾಗಿ ಇಳಿದಿರುವುದಿಲ್ಲ. ಅಪೊಬಿ ಎಂಬ ಪರೀಕ್ಷೆ ಈ ಸಂಖ್ಯೆಯನ್ನೇ ಅಳೆಯುತ್ತದೆ. ಇಂಥ ವರದಿ ಬಂದವರು ವೈದ್ಯರಲ್ಲಿ ಅದರ ಬಗ್ಗೆ ವಿಚಾರಿಸುವುದು ಒಳ್ಳೆಯದು. ಟ್ರೈಗ್ಲಿಸರೈಡ್ ಹೆಚ್ಚು, ಎಚ್‌ಡಿಎಲ್ ಕಡಿಮೆ, ಹೊಟ್ಟೆಯ ಸುತ್ತ ಬೊಜ್ಜು, ಸಕ್ಕರೆ ಗಡಿಯಲ್ಲಿ: ಈ ಗುಂಪು ನಮ್ಮ ದೇಶದವರಲ್ಲಿ ಬಹಳ ಸಾಮಾನ್ಯ.

ಗಾಣದೆಣ್ಣೆ (ಸಾಗರ) ಅವರ ಉತ್ತರ

ಮೇಷ್ಟ್ರೇ, ನಿಮ್ಮ ವಿವರಣೆ ಓದಿ ಬಹಳ ತಿಳಿಯಿತು, ಆದರೆ ತುಪ್ಪ, ತೆಂಗನ್ನು ಕಟಕಟೆಯಲ್ಲಿ ನಿಲ್ಲಿಸಿದ್ದನ್ನು ನಾನು ಒಪ್ಪಲಾರೆ. ನಮ್ಮ ಅಜ್ಜ ಬಿಸಿ ಅನ್ನದ ಮೇಲೆ ತುಪ್ಪ ಸುರಿದುಕೊಂಡೇ ಉಣ್ಣುತ್ತಿದ್ದರು, ತೊಂಬತ್ತರ ಹತ್ತಿರ ಬದುಕಿದರು. ತೊಡೆದೇವಿಗೆ ತುಪ್ಪವಿಲ್ಲದೆ ತಿನ್ನುವುದು ನಮ್ಮ ಕಡೆ ಯಾರಿಗೂ ಗೊತ್ತಿಲ್ಲ. 2017ರಲ್ಲಿ ಪ್ರಕಟವಾದ ಪ್ಯೂರ್ ಅಧ್ಯಯನದಲ್ಲಿ 18 ದೇಶಗಳ 1,35,000ಕ್ಕೂ ಹೆಚ್ಚು ಜನರನ್ನು ಗಮನಿಸಿದಾಗ ಕಾರ್ಬೋಹೈಡ್ರೇಟ್ ಅತಿಯಾಗಿ ತಿನ್ನುವವರಲ್ಲಿ ಸಾವು ಹೆಚ್ಚು, ಕೊಬ್ಬು ಹೆಚ್ಚು ತಿನ್ನುವವರಲ್ಲಿ ಕಡಿಮೆ ಎಂದು ಕಂಡುಬಂದಿತ್ತಲ್ಲವೇ? ಕೊಬ್ಬರಿ ಎಣ್ಣೆ ಎಚ್‌ಡಿಎಲ್ ಏರಿಸುತ್ತದೆ ಎಂಬುದೂ ಸುಳ್ಳಲ್ಲ. ಹಾಗಿರುವಾಗ ಆ ತಾಯಿಯ ಮೈದುನ ಹೇಳುವುದರಲ್ಲಿ ತಪ್ಪೇನಿದೆ?

ಹಳೆಯ ಮೇಷ್ಟ್ರು (ಶಿವಮೊಗ್ಗ) ಅವರ ಉತ್ತರ

ತಪ್ಪು ಅರ್ಧ ಮಾತ್ರ ಇದೆ, ಸ್ವಾಮಿ. ಅಕ್ಕಿಯ ರಾಶಿ ಇಳಿಯಬೇಕೆಂಬುದು ಸರಿ, ಆ ಜಾಗಕ್ಕೆ ತುಪ್ಪ ಎಷ್ಟು ಬೇಕಾದರೂ ಬರಬಹುದೆಂಬುದು ಸರಿಯಲ್ಲ.

ಪ್ಯೂರ್ ಅಧ್ಯಯನ ಜನರನ್ನು ದೂರದಿಂದ ಗಮನಿಸಿದ್ದು, ಆಹಾರ ಬದಲಿಸಿ ನೋಡಿದ ಪ್ರಯೋಗವಲ್ಲ. ಬಡ ದೇಶಗಳಲ್ಲಿ ತಟ್ಟೆಯ ತುಂಬ ಅನ್ನವನ್ನೇ ಉಣ್ಣುವವರು ಬೇಳೆ, ಹಾಲು, ಹಣ್ಣು ಕೊಳ್ಳಲಾಗದವರೂ ಆಗಿರುತ್ತಾರೆ, ಆಸ್ಪತ್ರೆಯಿಂದ ದೂರವಿರುವವರೂ ಆಗಿರುತ್ತಾರೆ. ಆ ಬಡತನವನ್ನು ಲೆಕ್ಕದಿಂದ ಪೂರ್ತಿ ಕಳೆಯುವುದು ಕಷ್ಟ. ಅದರಿಂದ ಅತಿಯಾದ ಪಿಷ್ಟ ಒಳ್ಳೆಯದಲ್ಲವೆಂಬ ಎಚ್ಚರಿಕೆ ಪಡೆಯಬಹುದು. ತುಪ್ಪಕ್ಕೆ ಪರವಾನಗಿ ಪಡೆಯಲಾಗದು. ನಿಜವಾಗಿ ಆಹಾರ ಬದಲಿಸಿದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2020ರಲ್ಲಿ ಕಾಕ್ರೇನ್ ಸಂಸ್ಥೆ ಪ್ರಕಟಿಸಿದ ವಿಮರ್ಶೆಯ ಪ್ರಕಾರ, ಕನಿಷ್ಠ ಎರಡು ವರ್ಷ ಪರ್ಯಾಪ್ತ ಕೊಬ್ಬು ಕಡಿಮೆ ಮಾಡಿದವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ಘಟನೆಗಳು ಸುಮಾರು ಆರನೇ ಒಂದು ಭಾಗದಷ್ಟು ತಗ್ಗಿದವು. ಕಳೆದದ್ದರ ಜಾಗಕ್ಕೆ ಏನು ಬಂತೆಂಬುದು ಇಲ್ಲಿ ಮುಖ್ಯ. ಪರ್ಯಾಪ್ತ ಕೊಬ್ಬು ತೆಗೆದು ಶೇಂಗಾ, ಸೂರ್ಯಕಾಂತಿ, ಸಾಸಿವೆಯಂಥ ಎಣ್ಣೆಗಳ ಅಪರ್ಯಾಪ್ತ ಕೊಬ್ಬು, ಬಾದಾಮಿ, ಅಕ್ರೂಟು ಹಾಕಿದರೆ ರಕ್ತನಾಳಕ್ಕೆ ಲಾಭ. ತೆಗೆದ ಜಾಗಕ್ಕೆ ಬಿಳಿ ಅಕ್ಕಿ, ಮೈದಾ, ಸಕ್ಕರೆ ತುಂಬಿದರೆ ಲಾಭವಿಲ್ಲ. ಕುಶಾವತಿಯವರ ಮನೆಯಲ್ಲಿ ಆದದ್ದು ಈ ಎರಡನೆಯದು.

ಕೊಬ್ಬರಿ ಎಣ್ಣೆಯ ಕೊಬ್ಬಿನಲ್ಲಿ ಸುಮಾರು 90% ಪರ್ಯಾಪ್ತ, ಅದರ ಅರ್ಧದಷ್ಟು ಲಾರಿಕ್ ಆಮ್ಲ. ಪ್ರಯೋಗಗಳನ್ನು ಒಟ್ಟಿಗೆ ನೋಡಿದಾಗ ಇತರ ಸಸ್ಯಜನ್ಯ ಎಣ್ಣೆಗಳಿಗಿಂತ ಅದು ಎಲ್‌ಡಿಎಲ್ ಅನ್ನು ಸುಮಾರು 10 ಮಿಲಿಗ್ರಾಂ, ಎಚ್‌ಡಿಎಲ್ ಅನ್ನು ಸುಮಾರು 4 ಮಿಲಿಗ್ರಾಂ ಹೆಚ್ಚಿಸುತ್ತದೆ. ಎಚ್‌ಡಿಎಲ್ ಏರಿತೆಂದು ಸಮಾಧಾನಪಡುವಂತಿಲ್ಲ. ಅದನ್ನು ಚೆನ್ನಾಗಿ ಏರಿಸುತ್ತಿದ್ದ ಟಾರ್ಸಿಟ್ರಪಿಬ್ ಎಂಬ ಔಷಧದ ಪ್ರಯೋಗವನ್ನು 2006ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು, ಏಕೆಂದರೆ ಔಷಧ ತೆಗೆದುಕೊಂಡವರಲ್ಲಿ ಸಾವುಗಳೇ ಹೆಚ್ಚಾಗಿದ್ದವು.

ಅಜ್ಜಂದಿರ ಮಾತು ಬಂದರೆ ನನಗೂ ಗೌರವವಿದೆ. ಆದರೆ ಅವರು ಗುಡ್ಡ ಹತ್ತಿ ದರಕು (ಒಣ ಎಲೆ) ಹೊತ್ತವರು, ಮಳೆಗಾಲದಲ್ಲಿ ಅಡಿಕೆ ಗೊನೆಗೆ ಮಳೆ ತಡೆಯುವ ಕೊಟ್ಟೆ ಕಟ್ಟಲು ಮರ ಏರಿದವರು. ಇಂದು ತೋಟದ ಬೇಲಿಯವರೆಗೂ ಬೈಕು ಹೋಗುತ್ತದೆ, ಕೊಟ್ಟೆ ಕಟ್ಟುವುದಕ್ಕೂ ಔಷಧಿ ಹೊಡೆಯುವುದಕ್ಕೂ ಕಾರ್ಬನ್ ಫೈಬರ್ ದೋಟಿ ಬಂದಿದೆ. ಇನ್ನೊಂದು ವಿಷಯ, ಐವತ್ತಕ್ಕೇ ಎದೆನೋವೆಂದು ಹೋದವರೂ ಆ ಕಾಲದಲ್ಲಿ ಇದ್ದರು. ತೊಂಬತ್ತು ದಾಟಿದವರ ಊಟವನ್ನು ಮಾತ್ರ ನಾವು ನೆನಪಿಟ್ಟುಕೊಂಡಿದ್ದೇವೆ.

ಕುಶಾವತಿ (ತೀರ್ಥಹಳ್ಳಿ ತಾಲ್ಲೂಕು)

ಇಬ್ಬರಿಗೂ ವಂದನೆಗಳು. 186 ಮತ್ತು 175ರ ಲೆಕ್ಕ ನೋಡಿದ ಮೇಲೆ ನನಗೆ ವಿಷಯ ಹಿಡಿತಕ್ಕೆ ಬಂತು, ಯಜಮಾನರಿಗೂ ತೋರಿಸಿದೆ. ಈಗ ಅಡುಗೆಯ ಪ್ರಶ್ನೆ. ಅಕ್ಕಿಯನ್ನು ಪೂರ್ತಿ ಬಿಡುವುದು ನಮ್ಮ ಮನೆಯಲ್ಲಿ ಆಗದ ಮಾತು, ಗದ್ದೆಯ ಭತ್ತ ಮನೆಯಲ್ಲೇ ಇದೆ. ಕುಚ್ಚಲಕ್ಕಿಗೆ ಬದಲಾಯಿಸಿದರೆ ಸಾಕೇ? ಸಕ್ಕರೆಗಿಂತ ಜೋನಿ ಬೆಲ್ಲ ಒಳ್ಳೆಯದಲ್ಲವೇ? ಕಾಯಿ ಅರೆಯದೆ ಹುಳಿ ಮಾಡಿ ಮಾಡಿ ನನಗೂ ಬೇಸರ ಬಂದಿದೆ, ಅದನ್ನು ಮತ್ತೆ ಶುರು ಮಾಡಬಹುದೇ?

ಪಥ್ಯದಡುಗೆ (ಶಿವಮೊಗ್ಗ) ಅವರ ಉತ್ತರ

ಕುಶಾವತಿ ಮೇಡಂ, ನಾನು ಆಹಾರ ತಜ್ಞೆಯಾಗಿ ಕೆಲಸ ಮಾಡುತ್ತೇನೆ, ನಿಮ್ಮಂಥ ವರದಿಗಳನ್ನು ಹಿಡಿದು ಬರುವವರು ನನಗೆ ಹೊಸಬರಲ್ಲ. ಮೊದಲು ಬೆಲ್ಲದ ಮಾತು ಮುಗಿಸಿಬಿಡೋಣ: ಜೋನಿ ಬೆಲ್ಲವಾಗಲಿ ಅಚ್ಚು ಬೆಲ್ಲವಾಗಲಿ ಯಕೃತ್ತಿನ ಮಟ್ಟಿಗೆ ಸಕ್ಕರೆಯೇ. ಟ್ರೈಗ್ಲಿಸರೈಡ್ 265 ಇರುವಾಗ ದೋಸೆಯ ಜೊತೆ ಬೆಲ್ಲವಿರಬಾರದು, ಅದರ ಬದಲು ಅರ್ಧ ಚಮಚ ತುಪ್ಪ ಸವರಿದರೆ ನನ್ನ ಆಕ್ಷೇಪವಿಲ್ಲ.

ಕುಚ್ಚಲಕ್ಕಿ ಬೆಳ್ತಿಗೆ ಅಕ್ಕಿಗಿಂತ ಸ್ವಲ್ಪ ನಿಧಾನವಾಗಿ ಜೀರ್ಣವಾಗುತ್ತದೆ, ಹೊರಪದರ ಉಳಿದಿರುವ ಕೆಂಪಕ್ಕಿಯಾದರೆ ನಾರಿನ ಅಂಶವೂ ಸಿಗುತ್ತದೆ. ಆದರೆ ಬದಲಾಯಿಸಿದೆನೆಂಬ ಧೈರ್ಯದಲ್ಲಿ ಎರಡು ಸೌಟು ಹೆಚ್ಚಿಗೆ ಬಡಿಸಿದರೆ ಫಲವಿಲ್ಲ, ಅಳತೆಯೇ ಮುಖ್ಯ. ನಮ್ಮ ಕಡೆಯ ಊಟದ ತೊಂದರೆಯೆಂದರೆ ಅನ್ನಕ್ಕೆ ಸಾರು, ಆಮೇಲೆ ಅನ್ನಕ್ಕೆ ಹುಳಿ, ಆಮೇಲೆ ಅನ್ನಕ್ಕೆ ತಂಬುಳಿ, ಕೊನೆಗೆ ಅನ್ನಕ್ಕೆ ಮಜ್ಜಿಗೆ ಎಂದು ಪ್ರತಿ ಸುತ್ತಿಗೂ ಹೊಸ ಅನ್ನ ಬೀಳುವುದು. ಪಲ್ಯ ಮಾತ್ರ ಎಲೆಯ ಮೂಲೆಯಲ್ಲಿ ಚಮಚದಷ್ಟಿರುತ್ತದೆ. ಈ ಕ್ರಮವನ್ನು ತಿರುಗಿಸಿ. ಮೊದಲು ಒಂದು ದೊಡ್ಡ ಬಟ್ಟಲು ಪಲ್ಯ ಅಥವಾ ಕೋಸಂಬರಿಯನ್ನೂ ಬೇಯಿಸಿದ ಕಾಳನ್ನೂ ತಿನ್ನಲಿ, ಅನ್ನ ಆಮೇಲೆ ಒಂದೇ ಸಲ ಬೀಳಲಿ. ತರಕಾರಿ, ಪ್ರೋಟೀನು ಮೊದಲು ತಿಂದು ಪಿಷ್ಟವನ್ನು ಕೊನೆಗೆ ತಿಂದರೆ ಊಟದ ನಂತರದ ಸಕ್ಕರೆಯ ಏರಿಕೆ ತಗ್ಗುತ್ತದೆಂಬುದು ಪ್ರಯೋಗಗಳಲ್ಲಿ ಕಂಡಿದೆ. ತಂಬುಳಿಯನ್ನು ಅನ್ನಕ್ಕೆ ಕಲಸದೆ ಲೋಟದಲ್ಲಿ ಕುಡಿಯಬಹುದು, ಒಂದೆಲಗದ್ದಾಗಲಿ ದಾಳಿಂಬೆ ಸಿಪ್ಪೆಯದ್ದಾಗಲಿ.

ಬೆಳಗ್ಗೆ ರೊಟ್ಟಿ ಎರಡೇ ಇರಲಿ. ಹೊಟ್ಟೆ ತುಂಬಿಸುವ ಕೆಲಸವನ್ನು ಹೆಸರುಕಾಳಿನ ಉಸಲಿ, ಅಲಸಂದೆ ಪಲ್ಯ ಅಥವಾ ಮೊಟ್ಟೆ ತಿನ್ನುವವರಾದರೆ ಮೊಟ್ಟೆ ಮಾಡಲಿ. ಕಾಳುಗಳಲ್ಲಿರುವ ಕರಗುವ ನಾರು ಎಲ್‌ಡಿಎಲ್ ಇಳಿಸುವುದಕ್ಕೂ ನೆರವಾಗುತ್ತದೆ. ರಾಗಿ ಒಳ್ಳೆಯದೇ, ಆದರೆ ನುಣ್ಣಗೆ ಬೀಸಿದ ಹಿಟ್ಟಿನ ಗಂಜಿ ಸಕ್ಕರೆಯನ್ನು ಬೇಗ ಏರಿಸುತ್ತದೆ. ಕುಡಿಯುವುದಕ್ಕಿಂತ ಅಗಿಯುವ ರೂಪದಲ್ಲಿ ತಿನ್ನುವುದು ಲೇಸು. ಸಂಜೆಯ ರಸ್ಕು ನಿಲ್ಲಲೇಬೇಕು. ಅದು ಮೈದಾ ಮತ್ತು ಸಕ್ಕರೆ, ಸಾಲದ್ದಕ್ಕೆ ಬೇಕರಿಯ ಡಾಲ್ಡಾ. ಡಾಲ್ಡಾದಂಥವುಗಳಲ್ಲಿ ಇರಬಹುದಾದ ಕೃತಕ ಟ್ರಾನ್ಸ್ ಕೊಬ್ಬು ಎಲ್‌ಡಿಎಲ್ ಏರಿಸಿ ಎಚ್‌ಡಿಎಲ್ ಇಳಿಸುವ ಏಕೈಕ ಪುಣ್ಯಾತ್ಮ. ಎಣ್ಣೆ, ವನಸ್ಪತಿಗಳಲ್ಲಿ ಅದು 2% ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ 2022ರ ಜನವರಿಯಿಂದ ಬಂದಿದೆಯಾದರೂ, ಅದೇ ಎಣ್ಣೆಯಲ್ಲಿ ಮತ್ತೆ ಮತ್ತೆ ಕರಿದ ಬೋಂಡದ ಅಂಗಡಿಗೆ ಹೋಗಿ ಯಾರೂ ಅಳೆಯುವುದಿಲ್ಲ. ಹುರಿದ ಶೇಂಗಾ ಒಂದು ಹಿಡಿ, ಚಹಾಕ್ಕೆ ಅಷ್ಟು ಸಾಕು.

ಈಗ ನಿಮ್ಮ ಹುಳಿ. ಅರೆದು ಹಾಕುವ ಕಾಯಿಯಲ್ಲಿ ನಾರೂ ಇರುತ್ತದೆ, ಪ್ರಮಾಣವೂ ನಿಮ್ಮ ಕೈಯಲ್ಲಿರುತ್ತದೆ. ಅದು ಕೊಬ್ಬರಿ ಎಣ್ಣೆಯಲ್ಲಿ ಕರಿಯುವುದಕ್ಕೆ ಸಮವಲ್ಲ. 100 ಗ್ರಾಂ ಹಸಿ ತೆಂಗಿನ ತುರಿಯಲ್ಲಿ ಸುಮಾರು 30 ಗ್ರಾಂ ಪರ್ಯಾಪ್ತ ಕೊಬ್ಬಿದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಪರ್ಯಾಪ್ತ ಕೊಬ್ಬು ದಿನದ ಶಕ್ತಿಯ 10% ಮೀರಬಾರದು, 2,000 ಕ್ಯಾಲೊರಿ ಉಣ್ಣುವವರಿಗೆ ಅದು 22 ಗ್ರಾಂ ಆಗುತ್ತದೆ. ಹಾಗಾಗಿ ನಾಲ್ಕು ಜನರ ಹುಳಿಗೆ ನಾಲ್ಕೈದು ಚಮಚ ತುರಿ ಅರೆದರೆ ಗಾಬರಿಯಾಗಬೇಕಿಲ್ಲ; ಹುಳಿಗೆ, ಪಲ್ಯಕ್ಕೆ, ಚಟ್ನಿಗೆ ಎಂದು ಮೂರಕ್ಕೂ ಒಂದೇ ದಿನ ಕಾಯಿ ಒಡೆಯಬೇಡಿ. ಒಗ್ಗರಣೆಗೆ ಶೇಂಗಾ ಎಣ್ಣೆ ಬಳಸಿ, ಗಾಣದ್ದಾದರೂ ಸರಿ. ಸಾಗರದ ಅಣ್ಣನವರಿಗೆ ಇದರಿಂದ ವ್ಯಾಪಾರವೇನೂ ಕಡಿಮೆಯಾಗದು. ಮೀನು ತಿನ್ನುವ ಮನೆಯಾದರೆ ಘಟ್ಟ ಹತ್ತಿ ಬರುವ ಭೂತಾಯಿ, ಬಂಗುಡೆಗಳನ್ನು ಹುರಿಯದೆ ಸಾರು ಮಾಡಿ. ಅವುಗಳ ಒಮೆಗಾ-3 ಕೊಬ್ಬು ಟ್ರೈಗ್ಲಿಸರೈಡ್‌ಗೆ ಒಳ್ಳೆಯದು.

ರಾತ್ರಿ ಊಟವಾದ ಮೇಲೆ ಅಂಗಳದಲ್ಲಾದರೂ ಹದಿನೈದು ನಿಮಿಷ ನಡೆಯಲಿ. ನಡೆಯುವ ಸ್ನಾಯು ರಕ್ತದ ಸಕ್ಕರೆಯನ್ನು ಇನ್ಸುಲಿನ್‌ಗೆ ಹೆಚ್ಚು ಕಾಯದೆ ಎಳೆದುಕೊಳ್ಳುತ್ತದೆ. ಮಳೆಗಾಲವಾದರೆ ಜಗಲಿಯೂ ಆದೀತು. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪಿದ್ದರೆ ಅದನ್ನು ಇಂದೇ ಬಿಡಿಸಿ. ನಿಕೋಟಿನ್ ನಾಳವನ್ನು ಬಿಗಿಗೊಳಿಸುತ್ತದೆ, ಬೀಡಿಯಿಂದ ಬಂದರೂ ಕವಳದಿಂದ ಬಂದರೂ.

ಗಾಣದೆಣ್ಣೆ (ಸಾಗರ)

ಶೇಂಗಾ ಗಾಣವೂ ನಮ್ಮಲ್ಲಿದೆ, ಮೇಡಂ. ತುಪ್ಪದ ವಿಷಯದಲ್ಲಿ ನನ್ನ ಮನಸ್ಸು ಪೂರ್ತಿ ಒಪ್ಪಿಲ್ಲವಾದರೂ, ತೆಗೆದ ಜಾಗಕ್ಕೆ ಏನು ಬಂತೆಂದು ನೋಡಬೇಕೆಂಬ ಮೇಷ್ಟ್ರ ಮಾತು ಸರಿಯೆನಿಸಿತು. ನಾಳೆ ನಾನೂ ರಕ್ತ ಪರೀಕ್ಷೆಗೆ ಹೋಗುತ್ತೇನೆ.

ಹಳೆಯ ಮೇಷ್ಟ್ರು (ಶಿವಮೊಗ್ಗ)

ಹೋಗುವುದಾದರೆ ಇಂದು ರಾತ್ರಿ ಬೇಗ ಉಂಡು, 10ರಿಂದ 12 ಗಂಟೆ ನೀರಲ್ಲದೆ ಬೇರೇನೂ ಮುಟ್ಟದೆ ಹೋಗಿ, ಮದುವೆ ಮನೆಯ ಊಟದ ಮರುದಿನ ಮಾತ್ರ ಬೇಡ. ಟ್ರೈಗ್ಲಿಸರೈಡ್ ಅಂಕಿ ಹಿಂದಿನ ದಿನಗಳ ಊಟಕ್ಕೆ ಬಹಳ ಬೇಗ ಅಲುಗಾಡುತ್ತದೆ. ಕುಶಾವತಿಯವರೇ, ಎಚ್‌ಬಿಎ1ಸಿ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಹೇಳುವುದರಿಂದ ನೀವು ಮುಂದಿನ ಪರೀಕ್ಷೆಯನ್ನು ಅಷ್ಟು ಸಮಯ ಬಿಟ್ಟು ಮಾಡಿಸಿ, ಎರಡೂ ಹಳೆಯ ವರದಿಗಳನ್ನು ಜೊತೆಗೆ ಒಯ್ದು ವೈದ್ಯರ ಮೇಜಿನ ಮೇಲಿಡಿ. ಇಷ್ಟೆಲ್ಲ ಮಾಡಿಯೂ ಎಚ್‌ಡಿಎಲ್ ಕಳೆದ ಲೆಕ್ಕ 130ರ ಹತ್ತಿರ ಬಾರದಿದ್ದರೆ ಅವರು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯ ಮಾತೆತ್ತಬಹುದು. ಆಗ ಮೈದುನನಿಗೆ ಫೋನ್ ಮಾಡಿ ಕೇಳುವುದು ಬೇಡ.